ಸೋಹಾರಿನಲ್ಲಿ ಬೀಜ ಆರಿಸುವುದು

ಮೇಜಿನ ಮೇಲೆ ನಾಲ್ಕು ಪೊಟ್ಟಣ.
ನೈಟ್ ಡ್ಯೂಟಿ ಮುಗಿಸಿ ಬಂದವಳು
ಬೂಟು ಸಹ ಬಿಚ್ಚದೆ ಅವನ್ನೇ ನೋಡುತ್ತ ಕೂತಿದ್ದೇನೆ.
ಹೊರಗೆ ನವೆಂಬರು. ಎ.ಸಿ. ಇಲ್ಲದೆ
ಉಸಿರಾಡಬಹುದಾದ ಮೊದಲ ಬೆಳಗು.

ಮನೆಯ ಹಿಂದೆ ಖಲ್ಫಾನಜ್ಜ ಬಿಟ್ಟುಕೊಟ್ಟ
ಹತ್ತು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಮಣ್ಣು.
ಮಣ್ಣೆನ್ನುವುದು ಮರ್ಯಾದೆಗೆ;
ಅಂಗೈಲಿ ಹಿಡಿದರೆ ಬೆರಳ ಸಂದಿಯಿಂದ
ತನ್ನ ಪಾಡಿಗೆ ತಾನು ಇಳಿದುಹೋಗುತ್ತದೆ.
ಬಾವಿಯ ನೀರಿಗೆ ಕಡಲಿನ ಚಾಳಿ:
ಚಹಾ ಮಾಡಹೋದರೆ ಸಾರಾಗುತ್ತದೆ.
ಹೋದ ವರ್ಷ ಟೊಮೆಟೊ ಎಲೆಯಂಚು ಸುಟ್ಟುಕೊಂಡು ಸತ್ತಿತು,
ಮೆಂತ್ಯ ಮೂರೇ ಎಲೆಗೆ ಸಾಕು ಅಂದಿತು.
"ಹಲ್ಯೂನ್ ಹಾಕು" ಎಂದವನು ಅಜ್ಜನೇ.
"ಉಪ್ಪಿಗೆ ಅದು ಮುನಿಸಿಕೊಳ್ಳುವುದಿಲ್ಲ."

ಹಲ್ಯೂನ್. ಆಸ್ಪರಾಗಸ್.
ಇದರ ದಾಯಾದಿಗೆ ನನ್ನಜ್ಜಿಯ ಬಾಯಲ್ಲಿ
ಬೇರೆಯೇ ಹೆಸರು: ಹಲವು ಮಕ್ಕಳ ತಾಯಿ.
ಗೋಕಾಕದ ಕಲ್ಲುಗುಡ್ಡದಲ್ಲಿ ಮುಳ್ಳಬಳ್ಳಿ;
ಅಗೆದರೆ ಒಂದು ಬುಡಕ್ಕೆ ನೂರು ಬೇರು,
ತಾಯಿಗೆ ಜೋತುಬಿದ್ದ ಹಂದಿಮರಿಗಳ ಹಾಗೆ.
ಹಾಲು ಇಳಿಯದ ಬಾಣಂತಿಗೆ ಅರೆದು ಕುಡಿಸುವಳು,
ಉಳಿದದ್ದು ಮಜ್ಜಿಗೆಯಲ್ಲಿ ಮುಳುಗಿ ಉಪ್ಪಿನಕಾಯಿ.
ಹೆರಿಗೆ ವಾರ್ಡಿನ ಕೆಲಸ ನನಗೆ
ಎಲ್ಲಿಂದ ಅಂಟಿತೋ ಯಾರು ಬಲ್ಲರು.

ಈಗ ಪೊಟ್ಟಣ.
ಜರ್ಸಿ ನೈಟ್: ಎಲ್ಲವೂ ಗಂಡು.
ಹಣ್ಣಿಗೆ ಸೋರಿಹೋಗದ ಬಲವೆಲ್ಲ ಕಾಂಡಕ್ಕೆ,
ಇಳುವರಿ ದುಪ್ಪಟ್ಟು ಎಂದು ಬರೆದಿದೆ.
ಓದುವಾಗ ಕಣ್ಣಿಗೆ ಬಂದದ್ದು
ಬಂದರಿನ ರಸ್ತೆಯ ಕ್ಯಾಂಪು:
ಕೋಣೆಗೆ ಎಂಟು ಮಂಚ, ಹಗ್ಗದ ತುಂಬ ನೀಲಿ ಡ್ರೆಸ್ಸು,
ಶುಕ್ರವಾರ ಶುಕ್ರವಾರ ಫೋನಿನೊಳಗೆ ಬೆಳೆಯುವ ಮಕ್ಕಳು.
ಅಲ್ಲೂ ಇಳುವರಿ ಚೆನ್ನಾಗಿಯೇ ಇದೆ.

ಇನ್ನೊಂದು ನೇರಳೆ ಬಣ್ಣದ್ದು, ಹಸಿಯಾಗಿಯೇ ತಿನ್ನಬಹುದಂತೆ.
ನನ್ನ ಜೊತೆಯ ಮಾರಿಸೆಲ್‌ಗೆ ಅದೇ ಬೇಕು, ಫೋಟೋಕ್ಕೆ ಚಂದ.
ಬೇಯಿಸಿದರೆ ಹಸಿರಾಗಿಬಿಡುತ್ತದೆ ಅಂದೆ.
"ನಾವೂ ಹಾಗೇ ಅಲ್ಲವಾ" ಎಂದು ನಕ್ಕು
ಅರ್ಥ ಹೇಳದೆ ಬಸ್ಸಿಗೆ ಓಡಿದಳು.

ಮತ್ತೊಂದಕ್ಕೆ ಹೆಸರೇ ಇಲ್ಲ. ಯುಸಿ ನೂರೈವತ್ತೇಳು,
ವಾರ್ಡಿನ ಫೈಲಿನ ಹಾಗೆ ನಂಬರು.
ಬಿಸಿನಾಡಿಗೆಂದೇ ಹುಟ್ಟಿಸಿದ್ದು.
ಚಳಿ ಬಾರದಿದ್ದರೆ ನೀರು ನಿಲ್ಲಿಸಿ ಮಲಗಿಸಬೇಕಂತೆ.
ಬಾಯಾರಿಸಿ ನಿದ್ದೆ ಮಾಡಿಸುವುದು!
ಹದಿನಾಲ್ಕು ವರ್ಷದಲ್ಲಿ ಯಾರಿಗೂ ಮಾಡಿಲ್ಲ ನಾನು.

ಕೊನೆಗೆ ಮೇರಿ ವಾಷಿಂಗ್ಟನ್. ಹಳೇ ತಳಿ, ಅಗ್ಗ.
ಅರ್ಧ ಗಂಡು, ಅರ್ಧ ಹೆಣ್ಣು,
ಹೂಬಿಡುವ ತನಕ ಯಾವುದು ಯಾವುದೋ ತಿಳಿಯದು.
ಹೆಣ್ಣಿನ ಕಾಂಡ ದಪ್ಪ, ಎಣಿಕೆಗೆ ಕಡಿಮೆ.
ಕೆಂಪು ಹಣ್ಣು ಬಿಟ್ಟು ಕಂಡಕಂಡಲ್ಲಿ ಮರಿ ಹಾಕುತ್ತದೆ,
ಜೋಕೆ, ಎನ್ನುತ್ತದೆ ಪೊಟ್ಟಣ.

ನಾಲ್ಕರ ಬೆನ್ನಿಗೂ ಸಣ್ಣಕ್ಷರದ ಒಂದೇ ಮಾತು:
ಮೊದಲ ವರ್ಷ ಕೊಯ್ಯಬೇಡಿ.
ಎರಡನೇ ವರ್ಷವೂ.
ಮೂರನೇ ವರ್ಷ ನಾಲ್ಕು ವಾರ ಮಾತ್ರ.
ಆಮೇಲೆ ಇಪ್ಪತ್ತು ವರ್ಷ.

ನನ್ನ ಕಾರ್ಡಿನ ಮೇಲಿರುವುದು ಎರಡೇ ವರ್ಷ,
ಅದರಲ್ಲಿ ಏಳು ತಿಂಗಳು ಆಗಲೇ ಕೊಯ್ದಾಗಿದೆ.
ಖಲ್ಫಾನಜ್ಜನಿಗೆ ಹೇಳಿದೆ. ಗಡ್ಡ ಕೆರೆದುಕೊಂಡು ಯೋಚಿಸಿ,
"ಹಾಗಾದರೆ ಮೂಲಂಗಿ ಹಾಕು" ಎಂದ,
"ಇಪ್ಪತ್ತೈದೇ ದಿನ."

ರಾತ್ರಿ ಮೂರು ಹೆರಿಗೆ. ಮೂವರೂ
ಹೊಕ್ಕಳು ಕತ್ತರಿಸುವ ಮೊದಲೇ ಕೇಳಿದರು, ಏನು, ಏನು?
ಈವರೆಗೆ ನಾನು ಹೇಳಿದ್ದುಂಟು, ಆರಿಸಿದ್ದಿಲ್ಲ.

ಸ್ಟೀಲಿನ ಲೋಟಕ್ಕೆ ಮೇರಿಯನ್ನು ಸುರಿಯುತ್ತೇನೆ.
ಬಾವಿಯದಲ್ಲ, ಬಾಟಲಿಯ ನೀರು;
ಮೊದಲ ದಿನವಾದರೂ ಸಿಹಿಯಿರಲಿ,
ಉಪ್ಪು ಹೇಗೂ ಮುಂದೆ ಇದ್ದೇ ಇದೆ.
ಸಾಲಿನ ನಡುವೆ ಮೂಲಂಗಿಯೂ ಇರಲಿ, ಅದು ನನಗೆ.

ಕರಿಯ ಬೀಜಗಳು ಒಂದಷ್ಟು ತೇಲಿ,
ಒಂದೊಂದಾಗಿ ತಳಕ್ಕೆ ಕೂರುತ್ತವೆ.
ಈಗ ಬೂಟು ಬಿಚ್ಚಬಹುದು.